ಮಕ್ಕಳ ಬೆಳವಣಿಗೆ ಮತ್ತು ಎತ್ತರದ ಪ್ರದೇಶ
(ಭಾಷಣದ ಪಾಠ)



ಮಗು ಗಿಡ್ಡವಾದರೆ “ನಮ್ಮ ವಂಶವೇ ಹಾಗೆ” ಎಂದು ಸುಮ್ಮನಾಗುವವರು ಬಹಳ. ಒಂದೇ ರಾಗಿ ಬೀಜ ಗೊಬ್ಬರ ಕಂಡ ಹೊಲದಲ್ಲಿ ಒಂದು ಬಗೆ, ಕಲ್ಲುನೆಲದಲ್ಲಿ ಇನ್ನೊಂದು ಬಗೆ ಬೆಳೆಯುವುದನ್ನು ನೀವೇ ಕಂಡಿದ್ದೀರಿ. ಮಕ್ಕಳೂ ಹಾಗೆಯೇ.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ನುನ್ಯೋವಾ ಎಂಬ ಊರಿದೆ. ಅದರ ಎತ್ತರ ಸುಮಾರು 4,000 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು. ಅಲ್ಲಿ ಚಳಿ ಹೆಚ್ಚು, ಗಾಳಿ ತೆಳು. ಒಂದು ಉಸಿರಿಗೆ ಸಿಗುವ ಆಮ್ಲಜನಕ ಕರಾವಳಿಯಲ್ಲಿ ಸಿಗುವುದರ ಐದರಲ್ಲಿ ಮೂರು ಪಾಲು ಮಾತ್ರ. 1960ರ ದಶಕದಲ್ಲಿ ವಿಜ್ಞಾನಿಗಳು ಅಲ್ಲಿನ ಕೆಚುವಾ ರೈತರ ಮಕ್ಕಳನ್ನು ಅಳೆದರು. ಎದೆಗೂಡು ವಿಶಾಲವಾಗಿತ್ತು, ಆದರೆ ಮೈ ನಿಧಾನವಾಗಿ ಬೆಳೆಯುತ್ತಿತ್ತು. ತೆಳು ಗಾಳಿಯೇ ಮುಖ್ಯ ಕಾರಣವೆಂದು ಆಗ ತಿಳಿದರು.

1980ರ ದಶಕದಲ್ಲಿ ಅದೇ ಊರಿನ ಶಾಲಾಮಕ್ಕಳನ್ನು ಮತ್ತೆ ಅಳೆದಾಗ ಅವರು ಹಿಂದಿನವರಿಗಿಂತ ಎತ್ತರವಾಗಿದ್ದರು. ಬೆಟ್ಟವೇನೂ ತಗ್ಗಿರಲಿಲ್ಲ. ಬದಲಾದದ್ದು ಜನರ ಜೀವನಸ್ಥಿತಿ. ಅನುಕೂಲಸ್ಥರ ಮಕ್ಕಳೇ ಮುಂದಿದ್ದರು, ಬಡವರ ಮಕ್ಕಳು ಹಿಂದುಳಿದಿದ್ದರು. ಗಾಳಿಯ ಪಾತ್ರ ಇಲ್ಲವೆಂದಲ್ಲ; ಆಹಾರ, ರೋಗ, ಬಡತನಗಳ ಪಾತ್ರವೂ ದೊಡ್ಡದು.

ನಮ್ಮ ಹಳ್ಳಿಗಳಲ್ಲಿ ತೆಳು ಗಾಳಿಯ ತೊಂದರೆಯಿಲ್ಲ. ಆದ್ದರಿಂದ ಉಳಿದದ್ದನ್ನು ನೋಡಿಕೊಳ್ಳೋಣ. ಬಸುರಿಗೂ, ಎರಡು ವರ್ಷ ತುಂಬುವವರೆಗೆ ಮಗುವಿಗೂ ಹೆಚ್ಚಿನ ಗಮನ ಬೇಕು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಆಮೇಲೆ ಅದರೊಂದಿಗೆ ಬೇಳೆ, ಸೊಪ್ಪು, ಮೊಟ್ಟೆ ಕೊಡಿ. ಶುದ್ಧ ನೀರು, ಶೌಚಾಲಯ ಬಳಸಿ. ಪದೇ ಪದೇ ಆಗುವ ಭೇದಿ ಉಂಡ ಅನ್ನವನ್ನು ಮೈಗೆ ಹತ್ತಗೊಡದು. ಅಂಗನವಾಡಿಯಲ್ಲಿ ತೂಕದ ಜೊತೆಗೆ ಮಗುವಿನ ಎತ್ತರವನ್ನೂ ತಪ್ಪದೆ ಅಳೆಸಿ.