ಹಿನ್ನೀರಿನ ನಡುಗಡ್ಡೆಗಳು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಇಲ್ಲಿ ಓದಿ, ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಕಂಪ್ಯೂಟರ್ ಬಗ್ಗೆ ಮಾತಾಡಲು ಹೇಳಿದ್ದರು. ಕ್ಷಮಿಸಿ, ನಾನು ಒಂದು ಹಳೆಯ ಬಾಕಿ ತೀರಿಸಬೇಕಾಗಿದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಕಣಿವೆ ಮುಳುಗಿದಾಗ ಗುಡ್ಡಗಳ ನೆತ್ತಿ ನಡುಗಡ್ಡೆಗಳಾದವು. ನಮ್ಮ ಹಿರಿಯರು ಮನೆ, ಗದ್ದೆ ಬಿಟ್ಟು ಬಂದ ಕಥೆ ಎಲ್ಲರಿಗೂ ಗೊತ್ತು. ಲಾಂಚಿನಲ್ಲಿ ಹೋಗುವಾಗ, "ಆ ಗುಡ್ಡದ ಮೇಲೆ ಸಿಕ್ಕಿಕೊಂಡ ಪ್ರಾಣಿಗಳು ಏನಾದವು ಸಾರ್?" ಎಂದು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದ್ದೆ. "ನೀನೇ ಓದಿ ತಿಳ್ಕೊಂಡು ಬಂದು ಹೇಳು" ಎಂದಿದ್ದರು. ಆ ಹೋಮ್‌ವರ್ಕನ್ನು ಇಂದು ಒಪ್ಪಿಸುತ್ತಿದ್ದೇನೆ.

1967ರಲ್ಲಿ ಅಮೆರಿಕದ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ ಎಂಬಿಬ್ಬರು ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಪ್ರತಿ ದ್ವೀಪಕ್ಕೂ ಹೊಸ ಜೀವಿಗಳು ಬರುತ್ತಿರುತ್ತವೆ, ಇದ್ದವು ಅಳಿಯುತ್ತಿರುತ್ತವೆ. ದ್ವೀಪ ದೂರವಿದ್ದರೆ ಬರುವವು ಕಡಿಮೆ. ದ್ವೀಪ ಚಿಕ್ಕದಿದ್ದರೆ ಪ್ರತಿ ಜಾತಿಯಲ್ಲೂ ಇರುವುದು ಬೆರಳೆಣಿಕೆಯಷ್ಟೇ. ಒಂದು ಕೆಟ್ಟ ಮಳೆಗಾಲ, ಒಂದು ರೋಗ ಸಾಕು, ವಂಶವೇ ಮುಗಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಜಾಗ ಹತ್ತರಲ್ಲೊಂದು ಪಾಲಾದರೆ ಜಾತಿಗಳು ಅರ್ಧಕ್ಕೆ ಇಳಿಯುತ್ತವೆ.

ವಿಲ್ಸನ್ ಮತ್ತು ಅವರ ಶಿಷ್ಯ ಸಿಂಬರ್ಲಾಫ್ ಇದನ್ನು ಪರೀಕ್ಷಿಸಿಯೂ ನೋಡಿದರು. ಫ್ಲಾರಿಡಾದ ಪುಟ್ಟ ಕಾಂಡ್ಲಾ ದ್ವೀಪಗಳಿಗೆ ಟೆಂಟ್ ಹೊದಿಸಿ, ವಿಷದ ಹೊಗೆ ಹಾಕಿ ಕೀಟಗಳನ್ನೆಲ್ಲ ಕೊಂದರು. ಸುಮಾರು ವರ್ಷದೊಳಗೆ ಹೆಚ್ಚಿನವುಗಳಲ್ಲಿ ಜಾತಿಗಳ ಸಂಖ್ಯೆ ಮೊದಲಿನ ಮಟ್ಟಕ್ಕೆ ಬಂತು. ತೀರ ದೂರದ ದ್ವೀಪ ಮಾತ್ರ ಹಿಂದೆ ಬಿತ್ತು.

ಕೀಟ ಗಾಳಿಯಲ್ಲಿ ತೇಲಿ ಬರುತ್ತದೆ. ಈಜಲಾರದ, ಹಾರಲಾರದ ಜೀವಿ ಏನು ಮಾಡಬೇಕು? ಥಾಯ್ಲೆಂಡಿನ ಚಿಯೋ ಲಾನ್ ಜಲಾಶಯ ನಮ್ಮ ಹಿನ್ನೀರಿನಂತೆಯೇ; 1980ರ ದಶಕದಲ್ಲಿ ತುಂಬಿದಾಗ ನೂರಕ್ಕೂ ಹೆಚ್ಚು ನಡುಗಡ್ಡೆಗಳಾದವು. ಅವುಗಳ ಪೈಕಿ 10 ಹೆಕ್ಟೇರಿಗಿಂತ ಚಿಕ್ಕವುಗಳಲ್ಲಿ ಕಾಡಿನ ಸಣ್ಣ ಸಸ್ತನಿಗಳು ಐದಾರು ವರ್ಷಗಳಲ್ಲೇ ಹೆಚ್ಚುಕಡಿಮೆ ಮಾಯವಾದವು. ಅದಕ್ಕಿಂತ ದೊಡ್ಡವುಗಳಲ್ಲೂ 25 ವರ್ಷಕ್ಕೆ ಅದೇ ಗತಿ. ಕೊನೆಗೆ ಎಲ್ಲೆಡೆ ಉಳಿದದ್ದು ಹೊರಗಿನಿಂದ ಬಂದ ಗದ್ದೆ ಇಲಿ.

ಮಕ್ಕಳೇ, ಗಮನಿಸಿ. ಆ ನಡುಗಡ್ಡೆಗಳಲ್ಲಿ ಕಾಡು ಉಳಿದೇ ಇತ್ತು. ದೂರದಿಂದ ನೋಡಿದರೆ ಹಸಿರು ಹಾಗೆಯೇ ಇತ್ತು. ಕಡಿದು ಹೋದದ್ದು ಸಂಪರ್ಕ ಮಾತ್ರ.

ನಡುಗಡ್ಡೆಯಾಗಲು ನೀರೇ ಬೇಕಿಲ್ಲ. ರಸ್ತೆ, ಅಕೇಶಿಯಾ ನೆಡುತೋಪು, ತಂತಿಬೇಲಿಗಳ ನಡುವೆ ಉಳಿದ ಕಾನೂ ನಡುಗಡ್ಡೆಯೇ. ನಮ್ಮ ಸಿಂಗಳೀಕ ಹೆಚ್ಚಾಗಿ ಮರದ ಮೇಲೆಯೇ ಬಾಳುವ ಪ್ರಾಣಿ. ಕೊಂಬೆಗೆ ಕೊಂಬೆ ಕೂಡದಿದ್ದರೆ ಅದರ ಓಡಾಟ ಕಷ್ಟವಾಗುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಅದು ರಸ್ತೆ ದಾಟಲೆಂದು ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದ್ದಾರೆ.

ಈಗ ಸಮಿತಿಯ ಹಿರಿಯರಲ್ಲಿ ಒಂದು ಅರಿಕೆ. ಶಾಲೆಯ ಹಿಂದಿನ ಎರಡು ಎಕರೆ ಕಾನಿಗೂ ಮೇಲಿನ ದೊಡ್ಡ ಕಾಡಿಗೂ ನಡುವೆ ಉಳಿದಿರುವುದು ಒಂದೇ ಸಾಲು ಮರ. ಮಹೋತ್ಸವದ ನೆನಪಿಗೆ ಮೈದಾನ ದೊಡ್ಡದು ಮಾಡಲು ಆ ಸಾಲನ್ನು ತೆಗೆಯುವ ಯೋಚನೆಯಿದೆ ಎಂದು ಕೇಳಿದೆ. ಮೈದಾನ ಬೇಡ ಎನ್ನಲಾರೆ. ಅಲ್ಲೇ ಕಬಡ್ಡಿ ಆಡಿ ಮೊಣಕಾಲು ಕೆತ್ತಿಸಿಕೊಂಡವನು ನಾನು. ಆದರೆ ರಸ್ತೆಯ ಕಡೆಗೆ ವಿಸ್ತರಿಸಬಹುದಲ್ಲವೇ? ಅಲ್ಲಿ ದಿಬ್ಬ ತಗ್ಗಿಸುವ ಖರ್ಚು ಹೆಚ್ಚು. ಆ ಹೆಚ್ಚಿನ ಖರ್ಚನ್ನು ನಮ್ಮ ಬ್ಯಾಚಿನವರು ಭರಿಸುತ್ತೇವೆ ಎಂದು ನಿನ್ನೆಯೇ ಮಾತಾಡಿಕೊಂಡಿದ್ದೇವೆ.

ಎರಡು ಎಕರೆ ಕಾನು ಒಂಟಿಯಾಗಿ ಬಹುಕಾಲ ಬಾಳದು. ಆ ಒಂದು ಸಾಲು ಉಳಿದರೆ ಅದು ದೊಡ್ಡ ಕಾಡಿನ ಭಾಗವಾಗಿಯೇ ಇರುತ್ತದೆ.

ಸಾರ್, ನೀವು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ನನ್ನ ಹೋಮ್‌ವರ್ಕ್ ತಡವಾಯಿತು. ಅಂಕ ಕಡಿಮೆ ಕೊಟ್ಟರೂ ಚಿಂತೆಯಿಲ್ಲ, ಮರದ ಸಾಲು ಉಳಿಸಲು ಸಮಿತಿಗೆ ನೀವೂ ಒಂದು ಮಾತು ಹೇಳಿ.