ನಾಯಿಗೆ ಚಾಳೀಸು ಹಾಕಲಾದೀತೇ?



ಕಂಪ್ಯೂಟರ್ ಬಗ್ಗೆ ಮಾತಾಡಲು ಹೇಳಿದ್ದರು. ಅದನ್ನು ಈಗ ನಿಮ್ಮ ಮಕ್ಕಳೇ ಬಲ್ಲರು. ಹತ್ತನೇ ಇಯತ್ತೆಯಲ್ಲಿ ಇಲ್ಲಿ ಕಲಿತ ಮಸೂರದ ಪಾಠ ಹೋದ ವರ್ಷ ಬೆಂಗಳೂರಿನಲ್ಲಿ ನಮ್ಮ ನಾಯಿಯ ಕಣ್ಣಿಗಾಗಿ ಮತ್ತೆ ನೆನಪಾಯಿತು. ಅದನ್ನೇ ಹೇಳುತ್ತೇನೆ.

ನಾಯಿಗೆ ಒಂಬತ್ತು ವರ್ಷ. ಸಕ್ಕರೆ ಕಾಯಿಲೆ ಬಂತು, ನಾಯಿಗೂ ಬರುತ್ತದೆ. ಕೆಲವೇ ವಾರಗಳಲ್ಲಿ ಎರಡೂ ಪಾಪೆಗಳು ಹಾಲಿನಂತೆ ಬೆಳ್ಳಗಾಗಿ, ಗೋಡೆಗೆ ಹಾಯತೊಡಗಿತು.

ಪೊರೆ ತೆಗೆಯುವುದೆಂದರೆ ಕಣ್ಣೊಳಗಿನ ಮಸೂರವನ್ನೇ ತೆಗೆಯುವುದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಲ್ಲಿ ಶಿಬಿರ ಹಾಕಿ ಸಾಲುಸಾಲಾಗಿ ಆಪರೇಷನ್ ಮಾಡುತ್ತಿದ್ದುದು ಹಿರಿಯರಿಗೆ ನೆನಪಿರಬೇಕು. ಆ ಕಾಲದಲ್ಲಿ ಮಸೂರ ತೆಗೆದವರಿಗೆ ಸೋಡಾ ಬಾಟಲಿಯ ತಳದಂಥ ಚಾಳೀಸು. ಮನುಷ್ಯನೇನೋ ಹಾಕಿಕೊಂಡಾನು, ನಾಯಿ? ಮಸೂರವಿಲ್ಲದ ನಾಯಿಗೆ ಸುಮಾರು 14 ಡಯಾಪ್ಟರ್‌ನಷ್ಟು ದೂರದೃಷ್ಟಿ ದೋಷ. ಬೆಳಕು ಕಾಣುತ್ತದೆ, ಓಡಾಡುವವರ ಆಕಾರ ಕಾಣುತ್ತದೆ. ಮುಖ, ಮೆಟ್ಟಿಲು, ತಟ್ಟೆ ಎಲ್ಲ ಮಸುಕು. ಹಾಗಾಗಿ ಕಣ್ಣೊಳಗೇ ಕೃತಕ ಮಸೂರ ಕೂರಿಸುತ್ತಾರೆ.

ಈ ವಿದ್ಯೆ ಹುಟ್ಟಿದ್ದು ಯುದ್ಧದಿಂದ. ವಿಮಾನದ ಪ್ಲಾಸ್ಟಿಕ್ ಮುಚ್ಚಳದ ಚೂರುಗಳು ಪೈಲಟ್‌ಗಳ ಕಣ್ಣಲ್ಲಿ ಉಳಿದರೂ ಕಣ್ಣು ಕೆರಳದ್ದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅಂಥದೇ ಪ್ಲಾಸ್ಟಿಕ್ಕಿನ ಮಸೂರವನ್ನು 1949ರ ನವೆಂಬರ್ 29ರಂದು ಮನುಷ್ಯನ ಕಣ್ಣಿಗೆ ಹಾಕಿದರು. ಆದರೆ ನಮ್ಮದು ನಾಯಿಗೆ ನಡೆಯದು. ನಮಗೆ 20ರ ಆಸುಪಾಸಿನ ಡಯಾಪ್ಟರ್ ಸಾಕು. ನಾಯಿಗೆ 41, ಬೆಕ್ಕಿಗೆ 50 ದಾಟಬೇಕು.

ಮೊದಲು ಅಕ್ಷಿಪಟಲಕ್ಕೆ ಜೀವವಿದೆಯೇ ಎಂದು ವಿದ್ಯುತ್ ಸಂಕೇತದ ಪರೀಕ್ಷೆ ಮಾಡಿದರು. ಅದು ಸತ್ತಿದ್ದರೆ ಎಂಥ ಮಸೂರ ಹಾಕಿದರೂ ವ್ಯರ್ಥ. ನಮ್ಮ ನಾಯಿಯ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ, ಪೂರ್ತಿ ಮಂಪರು ಕೊಟ್ಟು, ಸುಮಾರು 3 ಮಿಲಿಮೀಟರ್ ಸೀಳಿನೊಳಗಿಂದ ಶ್ರವಣಾತೀತ ತರಂಗದಿಂದ ಪೊರೆಯನ್ನು ಪುಡಿಮಾಡಿ ಹೀರಿ, ಮಡಚಿದ ಮಸೂರವನ್ನು ಒಳಗೆ ಬಿಟ್ಟರು. ಅದು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಕಷ್ಟವಿರುವುದು ಆಮೇಲೆ: ದಿನಕ್ಕೆ ನಾಲ್ಕಾರು ಸಲ ಹನಿ, ಕೊರಳಿಗೆ ಬುಟ್ಟಿಯಂಥ ಕಾಲರ್, ಕಣ್ಣಿನ ಒತ್ತಡ ಏರೀತೆಂಬ ಭಯ. ಖರ್ಚೂ ಸಣ್ಣದಲ್ಲ. "ನಾಯಿಗೆ ಇಷ್ಟು ರೊಕ್ಕಾ ಏನೋ" ಎಂದು ಅವ್ವ ಫೋನಿನಲ್ಲಿ ಗೊಣಗಿದಳು. ಮೂರನೇ ವಾರ ಅವಳು ಬಂದಳು. ರಸ್ತೆಯ ಆಚೆ ಆಟೋ ಇಳಿಯುತ್ತಿದ್ದಂತೆ, ಮೊದಲ ಮಹಡಿಯ ಮುಚ್ಚಿದ ಗಾಜಿನ ಹಿಂದೆ ನಾಯಿ ಬಾಲ ಆಡಿಸಿತು. ಮತ್ತೆ ರೊಕ್ಕದ ಮಾತೆತ್ತಲಿಲ್ಲ.

ನಮ್ಮ ಎತ್ತು, ಎಮ್ಮೆಗಳ ಮಾತು ಬೇರೆ. ಅವುಗಳ ಕಣ್ಣು ಬೆಳ್ಳಗಾದರೆ ಹೆಚ್ಚಾಗಿ ಅದು ಪೊರೆಯಲ್ಲ, ನಾವು 'ಹೂವು' ಅನ್ನುತ್ತೇವಲ್ಲ, ಅದು. ಕಣಿಕೆ ಚುಚ್ಚಿದ್ದೋ, ಬಾರುಕೋಲು ತಾಗಿದ್ದೋ, ಸೋಂಕೋ. ಅದಕ್ಕೆ ಮಸೂರ ಬೇಕಿಲ್ಲ, ಬೇಗ ಔಷಧ ಬೇಕು. ಉಪ್ಪು, ಸುಣ್ಣ, ತಂಬಾಕಿನ ನೀರು ಮಾತ್ರ ದಯವಿಟ್ಟು ಬೇಡ. ಉಳಿಯಬಹುದಾದ ಕಣ್ಣನ್ನೂ ಅವು ಸುಡುತ್ತವೆ. ಬ್ಯಾಟರಿ ಬಿಟ್ಟು ಪಕ್ಕದಿಂದ ನೋಡಿರಿ. ಬಿಳುಪು ಕಣ್ಣಿನ ಮೇಲ್ಪದರದಲ್ಲಿದ್ದರೆ ಹೂವು, ಪಾಪೆಯ ಹಿಂದೆ ಆಳದಲ್ಲಿದ್ದರೆ ಪೊರೆ. ಯಾವುದಾದರೂ ಸರಿ, ಅಂದೇ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗಿರಿ. ಅಲ್ಲಿ ಆಗದಿದ್ದರೆ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.