ಕರಗುವ ಕಲ್ಲು ಯಾವುದು?



ನಮ್ಮ ಮಂಡ್ಯ ಸೀಮೆಯಲ್ಲಿ ಹೊಟ್ಟೆಯ ಮೇಲ್ಭಾಗದ ಯಾವ ನೋವಿಗೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರು. ಬೀಗರೂಟ ಮುಗಿಸಿ ಬಂದ ರಾತ್ರಿ ಬಲಪಕ್ಕೆಯಡಿ ಹಿಡಿದ ನೋವು ಭುಜದ ತನಕ ಏರಿ ಗಂಟೆಗಟ್ಟಲೆ ಬಿಡದಿದ್ದರೂ ಸೋಡಾ ಕುಡಿದು ಮಲಗುತ್ತಾರೆ. ಮೂರ್ನಾಲ್ಕು ಸಲ ಹೀಗಾದ ಮೇಲೆ ಮಂಡ್ಯಕ್ಕೋ ಮೈಸೂರಿಗೋ ಹೋಗಿ ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ವರದಿ ಹಿಡಿದು ಬಂದವರ ಮೊದಲ ಮಾತು ನಿಮಗೆಲ್ಲ ಗೊತ್ತೇ ಇದೆ: “ಆಪರೇಷನ್ ಬ್ಯಾಡ ಸಾ, ಕರಗ್ಸೋ ಮಾತ್ರೆ ಬರ್ಕೊಡಿ.” ಈ ಬೇಡಿಕೆಗೆ ಪ್ರಾಮಾಣಿಕ ಉತ್ತರ ಕೊಡುವುದು ಹೇಗೆ ಎಂಬುದನ್ನು ವೈದ್ಯರೂ ಔಷಧಿ ಅಂಗಡಿಯವರೂ ಹನಕೆರೆಯಲ್ಲಿ ಸೇರಿರುವ ಇವತ್ತಿನ ಗೋಷ್ಠಿಗಳು ಚರ್ಚಿಸಲಿ ಎಂಬುದು ನನ್ನ ಆಶಯ.

ಕರಗಿಸುವ ಮಾತ್ರೆ ಇದೆ, ಸುಳ್ಳಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಕೀನೋಡಿಆಕ್ಸಿಕೋಲಿಕ್ ಆಮ್ಲ ಎಂಬ ಪಿತ್ತಾಮ್ಲವನ್ನು ಕೊಟ್ಟು ಕೊಲೆಸ್ಟರಾಲ್ ಕಲ್ಲು ಕರಗಬಲ್ಲದೆಂದು 1972ರಲ್ಲಿ ವರದಿ ಮಾಡಿದರು. ಅದು ಭೇದಿ ತರಿಸುತ್ತಿತ್ತು, ಯಕೃತ್ತಿಗೂ ತ್ರಾಸ ಕೊಡುತ್ತಿತ್ತು. ಅದರ ಜಾಗಕ್ಕೆ ಜಪಾನಿನ ಕಡೆಯಿಂದ ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಬಂತು. ಕರಡಿಯ ಪಿತ್ತದಲ್ಲಿ ಹೇರಳವಾಗಿರುವ ವಸ್ತು ಇದು. ಈಗ ಹೆಚ್ಚಾಗಿ ದನದ ಪಿತ್ತದಿಂದ ತೆಗೆದ ಆಮ್ಲವನ್ನು ಮಾರ್ಪಡಿಸಿ ತಯಾರಿಸುತ್ತಾರೆ. ಕರಡಿಗಳಿಗೆ ಅಷ್ಟಾದರೂ ಬಿಡುವು.

ಆದರೆ ಇದರ ಷರತ್ತುಗಳನ್ನು ಗಮನಿಸಿ. ಕಲ್ಲು ಕೊಲೆಸ್ಟರಾಲಿನದಾಗಿರಬೇಕು, ಸುಣ್ಣ ಕಟ್ಟಿರಬಾರದು, ಸಣ್ಣದಿರಬೇಕು, ಅಂದರೆ 10 ಮಿಲಿಮೀಟರಿನೊಳಗಿದ್ದರೆ ಮೇಲು. ಪಿತ್ತಕೋಶ ಕುಗ್ಗಿ ಹಿಗ್ಗುತ್ತಿರಬೇಕು, ಅದರ ನಾಳ ತೆರೆದಿರಬೇಕು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 8ರಿಂದ 10 ಮಿಲಿಗ್ರಾಂ ಲೆಕ್ಕದಲ್ಲಿ ಆರು ತಿಂಗಳಿಂದ ಎರಡು ವರ್ಷ ನುಂಗಬೇಕು. ಇಷ್ಟೆಲ್ಲ ಮಾಡಿ ಕರಗಿದ ಮೇಲೂ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಲ್ಲಿ ಕಲ್ಲು ಮರಳುತ್ತದೆ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ವರ್ಣಕ ಕಲ್ಲುಗಳ ಪಾಲು ಹೆಚ್ಚು. ಬಿಲಿರುಬಿನ್ನಿನಿಂದಾದ ಆ ಕಲ್ಲುಗಳ ಮುಂದೆ ಈ ಮಾತ್ರೆಯ ಆಟ ನಡೆಯುವುದಿಲ್ಲ. ಹೀಗಿರುವಾಗ ವರದಿಯಲ್ಲಿ ಕಲ್ಲು ಎಂಬ ಪದ ಕಂಡೊಡನೆ ಚೀಟಿ ಬರೆಯುವುದು ರೋಗಿಯ ಜೇಬು ಕರಗಿಸುವ ಕೆಲಸ.

ಬಾಳೆದಿಂಡಿನ ರಸದ ಮಾತೂ ಬರುತ್ತದೆ. ಮೂತ್ರದ ಕಲ್ಲಿಗೆ ಜನ ಕುಡಿಯುವ ರಸ ಅದು. ಪಿತ್ತದ ಹಾದಿಯೇ ಬೇರೆ. ಆಲಿವ್ ಎಣ್ಣೆ, ನಿಂಬೆರಸ ಕುಡಿದು ಹಸಿರು ಗುಂಡುಗಳು ಹೊರಬಿದ್ದವು ಎನ್ನುವವರೂ ಇದ್ದಾರೆ. ಅಂಥ ಗುಂಡುಗಳನ್ನು ಪರೀಕ್ಷಿಸಿದವರು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದದ್ದಿಷ್ಟೇ: ಅವು ಹೊಟ್ಟೆಯೊಳಗೆ ಆ ಎಣ್ಣೆಯಿಂದಲೇ ಆದ ಸಾಬೂನು.

ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಕಂಡ, ನೋವೇ ಇಲ್ಲದ ಕಲ್ಲಿಗೆ ಸಾಮಾನ್ಯವಾಗಿ ಮಾತ್ರೆಯೂ ಬೇಡ, ಕತ್ತರಿಯೂ ಬೇಡ. ಮತ್ತೆ ಮತ್ತೆ ನೋವು ಕೊಡುವ ಕಲ್ಲಿಗೆ ಪಿತ್ತಕೋಶವನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯೇ ದಾರಿ. ಬರ್ಲಿನ್ನಿನ ಲ್ಯಾಂಗೆನ್‌ಬುಕ್ 1882ರಲ್ಲಿ ಮೊದಲು ಮಾಡಿದ್ದನ್ನು 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ ಭಾರತಕ್ಕೆ ಹೊಸದಾಗಿ ಲ್ಯಾಪ್ರೊಸ್ಕೋಪಿನಲ್ಲಿ ಮಾಡಿ ತೋರಿಸಿದರು.

ನನ್ನ ಆತಂಕ ಇನ್ನೊಂದು ಕಡೆಗಿದೆ. ಕಲ್ಲಿಗೆ ಧಾರಾಳವಾಗಿ ಹೋಗುವ ಇದೇ ಅರ್ಸೋಡಿಆಕ್ಸಿಕೋಲಿಕ್ ಮಾತ್ರೆ, ನಿಜವಾಗಿ ಬೇಕಾದವರ ಕೈಗೆ ತಡವಾಗಿ ತಲುಪುತ್ತದೆ. ಯಕೃತ್ತಿನೊಳಗಿನ ಸಣ್ಣ ಪಿತ್ತನಾಳಗಳು ಮೆಲ್ಲಗೆ ನಶಿಸುವ ರೋಗವೊಂದಿದೆ, ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್. ನಡುವಯಸ್ಸಿನ ಹೆಂಗಸರಲ್ಲೇ ಹೆಚ್ಚು. ಮೈ ತುರಿಕೆ, ತೀರದ ದಣಿವು. ಇವರು ಅಲರ್ಜಿ ಮಾತ್ರೆ ನುಂಗುತ್ತ ವರ್ಷ ಕಳೆಯುತ್ತಾರೆ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಏರಿದ್ದನ್ನು ಕಂಡು, ಪ್ರತಿಕಾಯದ ಪರೀಕ್ಷೆ ಮಾಡಿಸಿ, ಕಿಲೋಗೆ 13ರಿಂದ 15 ಮಿಲಿಗ್ರಾಂನಂತೆ ಕೊಟ್ಟರೆ ಬಹಳಷ್ಟು ಜನರಲ್ಲಿ ರೋಗದ ನಡೆ ನಿಧಾನವಾಗುತ್ತದೆ. ಅವರು ಅದನ್ನು ಜೀವನಪರ್ಯಂತ ತೆಗೆದುಕೊಳ್ಳಬೇಕು. ತುರಿಕೆಗೆ ಕೊಲೆಸ್ಟಿರಮೀನ್ ಪುಡಿ ಕೊಡುವಾಗ ಅದನ್ನೂ ಈ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು. ನಾಲ್ಕು ಗಂಟೆಯಾದರೂ ಅಂತರವಿರಲಿ. ಇಲ್ಲದಿದ್ದರೆ ಪುಡಿ ಮಾತ್ರೆಯನ್ನೇ ಹಿಡಿದುಕೊಂಡು ಹೊರಹೋಗುತ್ತದೆ. ಇದನ್ನು ರೋಗಿಗೆ ಬಿಡಿಸಿ ಹೇಳಬಲ್ಲವರು ಔಷಧಿ ಅಂಗಡಿಯವರೇ.

ಕಾಮಾಲೆಗೆ ನೆಲನೆಲ್ಲಿ ಕೊಡುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ನೀರಿನಿಂದ ಬರುವ ಹೆಪಟೈಟಿಸ್ ಬಹುಪಾಲು ತಾನಾಗಿ ವಾಸಿಯಾಗುತ್ತದೆ, ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಕಾಮಾಲೆಯ ಜೊತೆ ಚಳಿಜ್ವರ ಬಂದರೆ, ಮಲ ಸುಣ್ಣದ ಬಣ್ಣಕ್ಕೆ ತಿರುಗಿದರೆ ಮಾತ್ರ ತಕರಾರಿದೆ. ಹೀಗೆ ಪಿತ್ತನಾಳ ಕಟ್ಟಿದಾಗ ಕಟ್ಟು ಬಿಡಿಸಬೇಕು. ಸೊಪ್ಪೂ ಸಾಲದು, ಆಂಟಿಬಯಾಟಿಕ್ ಒಂದೇ ಕೂಡ ಸಾಲದು. ಹಸುಗೂಸಿನ ಮಲ ಬೆಳ್ಳಗಿದ್ದರಂತೂ ಒಂದು ವಾರವೂ ಕಾಯಬಾರದು. ಕೂಸಿನ ಪಿತ್ತನಾಳವೇ ಮುಚ್ಚಿಹೋಗಿದ್ದರೆ, ಜಪಾನಿನ ಕಸಾಯ್ 1959ರಲ್ಲಿ ವಿವರಿಸಿದ ಶಸ್ತ್ರಚಿಕಿತ್ಸೆ ಹುಟ್ಟಿದ ಎರಡು ತಿಂಗಳೊಳಗೆ ಆದರೇ ಹೆಚ್ಚು ಫಲ.

ಸಂಜೆಯೊಳಗೆ ಈ ಸಭೆ ಒಂದು ಪುಟದ ಒಪ್ಪಂದಕ್ಕೆ ಬರಲೆಂದು ಕೇಳುತ್ತೇನೆ: ಅರ್ಸೋಡಿಆಕ್ಸಿಕೋಲಿಕ್ ಬರೆದ ಪ್ರತಿ ಚೀಟಿಯಲ್ಲೂ ಕಾರಣ, ರೋಗಿಯ ತೂಕ, ಮುಂದಿನ ಸ್ಕ್ಯಾನಿನ ತಿಂಗಳು ಇರಲಿ. ಹನ್ನೆರಡು ತಿಂಗಳಾದರೂ ಕಲ್ಲು ಒಂದಿಷ್ಟೂ ಸಣ್ಣದಾಗದಿದ್ದರೆ ಮಾತ್ರೆ ನಿಲ್ಲಿಸುವವರು ಯಾರು, ಬರೆದ ವೈದ್ಯರೋ ಊರಿನ ವೈದ್ಯರೋ? ಮೊದಲ ಗೋಷ್ಠಿ ಇಲ್ಲಿಂದಲೇ ಶುರುವಾಗಬಹುದು.